ಯಂತ್ರಕ್ಕೆ ಕಲಿಸಿದ ನಡುಕ

ನಾವು ಹೈಸ್ಕೂಲಿನಲ್ಲಿದ್ದಾಗ, ಅಂದರೆ ತೊಂಬತ್ತರ ದಶಕದ ನಡುಭಾಗದಲ್ಲಿ, ನಮ್ಮೂರಿನ ಮದುವೆಗಳಿಗೆ ಪಕ್ಕದ ತಾಲ್ಲೂಕಿನಿಂದ ಒಂದು ಆರ್ಕೆಸ್ಟ್ರಾ ಬರುತ್ತಿತ್ತು. ಒಬ್ಬ ಹಾಡುಗ, ಒಬ್ಬ ಹಾಡುಗಾತಿ, ಢೋಲಕ್, ಪ್ಯಾಡ್ ಮತ್ತು ಒಂದು ಕೀಬೋರ್ಡು. ಊಟದ ಪಂಕ್ತಿ ನಡೆಯುವಾಗ ನಾವು ಹುಡುಗರು ಶಾಮಿಯಾನದ ಹಿಂದಿನಿಂದ ನುಸುಳಿ ಕೀಬೋರ್ಡಿನವರ ಬೆನ್ನ ಹಿಂದೆ ನಿಲ್ಲುತ್ತಿದ್ದೆವು. ಐವತ್ತು ದಾಟಿದ, ಪಾನ್ ತಿಂದು ತುಟಿ ಕೆಂಪಾದ ಮನುಷ್ಯ, ಊರಿಗೆಲ್ಲ ಚಾಚಾ. ಅವರ ಬಲಗೈ ಬೆರಳುಗಳು ಬಿಳಿ ಕಪ್ಪು ಮನೆಗಳ ಮೇಲೆ ಓಡಾಡುವುದನ್ನು ಎಲ್ಲರೂ ನೋಡುತ್ತಿದ್ದರು. ನಮ್ಮ ಕಣ್ಣು ಮಾತ್ರ ಅವರ ಎಡಗೈ ಮೇಲೆ. ಕೀಬೋರ್ಡಿನ ಎಡತುದಿಯಲ್ಲಿ ಅರ್ಧ ಹೂತುಹೋದಂತಿದ್ದ ಪುಟ್ಟ ಚಕ್ರವೊಂದನ್ನು ಅವರು ಹೆಬ್ಬೆರಳಿನಿಂದ ತುಸುವೇ ಮೇಲಕ್ಕೆ ತಳ್ಳುತ್ತಿದ್ದರು. ತಳ್ಳಿದೊಡನೆ ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಸ್ವರ ನಡುಗತೊಡಗುತ್ತಿತ್ತು, ಶಹನಾಯಿಯವನ ಉಸಿರು ತಗುಲಿದಂತೆ. ಚಕ್ರವನ್ನು ಕೆಳಗೆಳೆದರೆ ಸ್ವರ ಮತ್ತೆ ಕಂಬದ ಹಾಗೆ ಸೆಟೆದು ನಿಲ್ಲುತ್ತಿತ್ತು.

"ಚಾಚಾ, ಈ ಎಡಗೈಲಿ ಏನ್ ಮಾಡ್ತೀರಿ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆವು.

"ಆ ಕೈ ಹರಫ್ ಬರೀತೈತಿ ಬೇಟಾ, ಈ ಕೈ ಜೇರ್-ಜಬರ್ ಹಾಕ್ತೈತಿ" ಎಂದರು.

ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು ಕನ್ನಡ ಹೈಸ್ಕೂಲಿಗೆ ಬಂದಿದ್ದ ನಮಗೆ ಆ ಮಾತು ತಟ್ಟನೆ ನಾಟಿತು. ಉರ್ದು ಬರವಣಿಗೆಯಲ್ಲಿ ಹರಫ್‌ಗಳನ್ನು, ಅಂದರೆ ಅಕ್ಷರಗಳನ್ನು ಬರೆಯುತ್ತಾರೆ. ಅದರ ಮೇಲೆ ಕೆಳಗೆ ಬರಬೇಕಾದ ಹ್ರಸ್ವ ಸ್ವರದ ಗುರುತುಗಳನ್ನು, ಅಂದರೆ ಜೇರ್, ಜಬರ್, ಪೇಶ್‌ಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಓದುವವನೇ ಸಂದರ್ಭ ನೋಡಿ ತುಂಬಿಕೊಳ್ಳಬೇಕು. ಕನ್ನಡದಲ್ಲಿ ಹಾಗಲ್ಲ, ಗುಣಿತ ಬಿಟ್ಟರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. ಎರಡು ಲಿಪಿಗಳ ನಡುವೆ ಬೆಳೆದವರಿಗೆ ಬರೆದದ್ದು ಎಷ್ಟು, ಬರೆಯದೆ ಬಿಟ್ಟದ್ದು ಎಷ್ಟು ಎಂಬ ಲೆಕ್ಕ ಸದಾ ತಲೆಯಲ್ಲಿರುತ್ತದೆ. ನಮ್ಮ ಸಂಗೀತದ ಸಂಗತಿಯೂ ಹೀಗೆಯೇ. ಸ ರಿ ಗ ಮ ಎಂದು ಪುಸ್ತಕದಲ್ಲಿ ಬರೆದಿಟ್ಟದ್ದು ಬರೀ ಹರಫ್. ಅದನ್ನು ತೂಗುವುದು, ಜಾರಿಸುವುದು, ನಡುಗಿಸುವುದು ಬರವಣಿಗೆಯಲ್ಲಿ ಇರುವುದೇ ಇಲ್ಲ. ಹಾಡುವವನ ಗಂಟಲಿನಲ್ಲಿ ಇರುತ್ತದೆ. ಹಾಗಾದರೆ ಗಂಟಲಿಲ್ಲದ ಯಂತ್ರ ಏನು ಮಾಡಬೇಕು? ಈ ಪ್ರಶ್ನೆಯನ್ನು ಹಿಡಿದು ಒಂದು ಹಳೆಯ ಧ್ವನಿಮುದ್ರಿಕೆಯನ್ನು ನಾವಿಲ್ಲಿ ಮರಳಿ ಕೇಳಲು ಹೊರಟಿದ್ದೇವೆ.

*

ಮೊದಲು ಆ ಚಕ್ರದ ವಿಷಯ. ಸಿಂಥಸೈಜರ್‌ನ ಒಡಲಿನಲ್ಲಿ ಸ್ವರ ಹುಟ್ಟಿಸುವ ವಿದ್ಯುತ್ ಕಂಪಕಗಳಿರುತ್ತವೆ. ಅವು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಕಂಪಿಸುತ್ತವೆ. ಅದೇ ನಮಗೆ ಸ್ವರವಾಗಿ ಕೇಳಿಸುವುದು. ಮನುಷ್ಯನ ಕಿವಿಗೆ ಸ್ವರವೆಂದು ಗೊತ್ತಾಗುವುದು ಸುಮಾರು 20 ಕಂಪನಗಳಿಂದ ಮೇಲೆ. ಅದಕ್ಕಿಂತ ನಿಧಾನವಾಗಿ, ಸೆಕೆಂಡಿಗೆ ಐದು ಸಲವೋ, ಒಂದು ಸಲವೋ, ಹತ್ತು ಸೆಕೆಂಡಿಗೊಮ್ಮೆಯೋ ತೂಗುವ ಇನ್ನೊಂದು ಕಂಪಕ ಅದರಲ್ಲಿರುತ್ತದೆ. ಇದಕ್ಕೆ ಲೋ ಫ್ರೀಕ್ವೆನ್ಸಿ ಆಸಿಲೇಟರ್, ಚಿಕ್ಕದಾಗಿ ಎಲ್‌ಎಫ್‌ಒ ಎನ್ನುತ್ತಾರೆ. ಇದರ ದನಿ ಯಾರಿಗೂ ಕೇಳಿಸದು. ಇದರ ಕೆಲಸ ಬೇರೆಯವರ ಗುಬಟು ತಿರುಗಿಸುವುದು. ಸ್ವರದ ಎತ್ತರಕ್ಕೆ ಇದನ್ನು ಜೋಡಿಸಿದರೆ ಸ್ವರ ಮೇಲೆ ಕೆಳಗೆ ತೂಗುತ್ತದೆ. ದನಿಯ ಗಾತ್ರಕ್ಕೆ ಜೋಡಿಸಿದರೆ ಅದು ಏರುತ್ತ ತಗ್ಗುತ್ತ ಮಿಡಿಯುತ್ತದೆ. ಫಿಲ್ಟರ್‌ಗೆ, ಅಂದರೆ ದನಿಯ ಹೊಳಪನ್ನು ಸೋಸುವ ಜರಡಿಗೆ ಜೋಡಿಸಿದರೆ, ಯಾರೋ ಬಾಯಿ ತೆರೆದು ಮುಚ್ಚಿ ಮಾಡಿದಂತೆ ಕೇಳುತ್ತದೆ.

ತೂಗಾಟದ ವೇಗ ಎಷ್ಟು, ಆಳ ಎಷ್ಟು, ಆಕಾರ ಯಾವುದು ಎಂಬ ಮೂರು ತೀರ್ಮಾನ ಬಾರಿಸುವವನದು. ಆಕಾರವೆಂದರೆ, ಅಲೆಯ ಹಾಗೆ ನುಣುಪಾಗಿ ಏರಿಳಿಯಬಹುದು, ಗರಗಸದ ಹಲ್ಲಿನಂತೆ ಏರಿ ಥಟ್ಟನೆ ಬೀಳಬಹುದು, ಚೌಕವಾಗಿ ಇತ್ತಿಂದತ್ತ ನೆಗೆಯಬಹುದು, ಗೊತ್ತುಗುರಿಯಿಲ್ಲದೆ ಹಾರಾಡಬಹುದು. ಕೆಲವು ವಾದ್ಯಗಳಲ್ಲಿ ನಾಲ್ಕನೆಯದೊಂದು ಉಂಟು, ತಡ. ಮನೆ ಒತ್ತಿದ ಕೂಡಲೇ ನಡುಗದೆ, ಸ್ವರ ಒಂದು ಗಳಿಗೆ ನೆಟ್ಟಗೆ ನಿಂತು ಆಮೇಲೆ ನಡುಗಲಿ ಎಂಬ ಏರ್ಪಾಟು. ಇದನ್ನು ಯೋಜಿಸಿದವನು ಹಾಡುಗಾರರನ್ನು ಗಮನವಿಟ್ಟು ಕೇಳಿದ್ದಿರಬೇಕು. ನೆಟ್ಟಗೆ ಹಿಡಿದ ಸ್ವರ ಉಸಿರು ಮುಗಿಯುತ್ತ ಬಂದಂತೆ ನಡುಗುವುದು ಮನುಷ್ಯರ ರೀತಿ.

ಅಮೆರಿಕದ ರಾಬರ್ಟ್ ಮೂಗ್ ಅವರ ಕಂಪನಿ 1970ರಲ್ಲಿ ತಂದ ಮಿನಿಮೂಗ್ ಎಂಬ ವಾದ್ಯದಲ್ಲಿ ಇದಕ್ಕಾಗಿ ಬೇರೆ ಕಂಪಕವೇ ಇರಲಿಲ್ಲ. ಸ್ವರ ಹುಟ್ಟಿಸುವ ಮೂರು ಕಂಪಕಗಳಲ್ಲಿ ಮೂರನೆಯದನ್ನು ಕೇಳಿಸದಷ್ಟು ಕೆಳಕ್ಕೆ ಇಳಿಸಿ, ಉಳಿದೆರಡನ್ನು ತೂಗಲು ಬಳಸಬೇಕಾಗಿತ್ತು. ಹಾಗೆ ಮಾಡಿದರೆ ಮೂರು ದನಿಯ ತುಂಬು ನಾದ ಎರಡು ದನಿಗೆ ಇಳಿಯುತ್ತದೆ. ಒಬ್ಬನು ಮೌನವಾದರೆ ಮಾತ್ರ ಇನ್ನಿಬ್ಬರ ದನಿಯಲ್ಲಿ ಭಾವ ಬರುತ್ತದೆ ಎಂಬ ಈ ವ್ಯವಸ್ಥೆ ಕತೆ ಬರೆಯುವ ನಮಗೆ ಬಹಳ ಹಿಡಿಸಿದೆ. ಕತೆಯಲ್ಲಿಯೂ ಒಬ್ಬ ಮಾತಾಡದ ಪಾತ್ರ ಇದ್ದಾಗಲೇ ಉಳಿದವರ ಮಾತಿಗೆ ನಡುಕ ಬರುವುದು. ಚಾಚಾ ತಳ್ಳುತ್ತಿದ್ದ ಚಕ್ರದ ವಂಶವೂ ಈ ವಾದ್ಯದಿಂದಲೇ ಬಂದದ್ದು. ಮಿನಿಮೂಗ್‌ನ ಎಡಕ್ಕೆ ಎರಡು ಚಕ್ರಗಳಿದ್ದವು: ಒಂದು ಸ್ವರವನ್ನು ಬಾಗಿಸಲು, ಇನ್ನೊಂದು ನಡುಕವನ್ನು ಹೆಚ್ಚು ಕಡಿಮೆ ಮಾಡಲು.

*

ಈಗ ಮುದ್ರಿಕೆಗೆ ಬರೋಣ. ಮುಂಬಯಿಯ ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ಸಂಗೀತದ ಸ್ಟುಡಿಯೋಗಳಲ್ಲಿ ಗಿಟಾರ್, ಬಾಸ್, ಕೀಬೋರ್ಡು ನುಡಿಸಿ ಹೊಟ್ಟೆ ಹೊರೆದ ವಾದ್ಯಗಾರರು. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್ ಮುಂತಾದವರ ಜತೆ ದುಡಿದವರು. ಮದುವೆ ಸಮಾರಂಭಗಳಲ್ಲೂ ನುಡಿಸುತ್ತಿದ್ದವರು. ಆಗ ಡಿಸ್ಕೋ ಗಾಳಿ ಬೀಸುತ್ತಿತ್ತು. 1980ರ 'ಕುರ್ಬಾನಿ' ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಗೀತೆ ದೇಶವನ್ನೇ ಕುಣಿಸಿತ್ತು. ಅದಕ್ಕೆ ರಾಗ ಹಾಕಿದ ಬಿದ್ದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 1982ರಲ್ಲಿ 'ಡಿಸ್ಕೋ ಡ್ಯಾನ್ಸರ್' ತೆರೆಗೆ ಬಂತು. ಅದೇ ವರ್ಷ ಚರಣ್‌ಜಿತ್ ಸಿಂಗ್ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾಕ್ಕಾಗಿ ಒಂದು ಎಲ್‌ಪಿ ಮುದ್ರಿಸಿದರು. 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಎಂದು ಅದರ ಹೆಸರು. ತಾಳಕ್ಕೆ ಟಿಆರ್-808, ಕೆಳಸ್ತರದ ಬಾಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8. ಹಾಡುಗಾರರಿಲ್ಲ, ತಬಲಾ ಇಲ್ಲ, ಸಾರಂಗಿ ಇಲ್ಲ. ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲ್‌ಕೌಂಸ್, ಬೈರಾಗಿ ಎಂಬ ಹತ್ತು ರಾಗಗಳು, ಒಂದೊಂದಕ್ಕೆ ಐದು ನಿಮಿಷದ ಆಚೀಚೆ. ಮುದ್ರಿಕೆ ಮಾರಾಟವಾಗಲಿಲ್ಲ, ಜನ ಮರೆತರು.

2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಬಾಂಬೆ ಕನೆಕ್ಷನ್ ಎಂಬ ಸಣ್ಣ ಸಂಸ್ಥೆ ಇದನ್ನು ಮರುಮುದ್ರಿಸಿದಾಗ ಯೂರೋಪು ಬೆಚ್ಚಿಬಿತ್ತು. ಕಾರಣವಿಷ್ಟೇ. ಅಮೆರಿಕದ ಶಿಕಾಗೋದಲ್ಲಿ 1987ರಲ್ಲಿ ಫ್ಯೂಚರ್ ಎಂಬ ತಂಡ 'ಆಸಿಡ್ ಟ್ರ್ಯಾಕ್ಸ್' ಎಂಬ ಮುದ್ರಿಕೆ ಹೊರತಂದಿತ್ತು. ಅದೇ ಟಿಬಿ-303 ಯಂತ್ರದ ಬಳುಕುವ, ಕೀರಲುವ ದನಿಯೇ ಅದರ ಜೀವ. ಅಲ್ಲಿಂದ 'ಆಸಿಡ್ ಹೌಸ್' ಎಂಬ ಕುಣಿತದ ಸಂಗೀತ ಜಗತ್ತಿಗೆ ಹಬ್ಬಿತು. ಹಾಗಿರುವಾಗ ಅದಕ್ಕೆ ಐದು ವರ್ಷ ಮೊದಲೇ ಮುಂಬಯಿಯ ಒಬ್ಬರು ಹೆಚ್ಚುಕಡಿಮೆ ಅದೇ ದನಿಯನ್ನು ಮಾಡಿಟ್ಟಿದ್ದಾರಲ್ಲ! ಎಪ್ಪತ್ತರ ವಯಸ್ಸಿನಲ್ಲಿ ಚರಣ್‌ಜಿತ್ ಸಿಂಗ್ ಅದೇ ಯಂತ್ರಗಳೊಂದಿಗೆ ವಿದೇಶಗಳಲ್ಲಿ ಕಛೇರಿ ಮಾಡುವಂತಾಯಿತು. 2015ರಲ್ಲಿ ಅವರು ತೀರಿಕೊಂಡಾಗಲೂ ಹೊರದೇಶದ ಪತ್ರಿಕೆಗಳು ಅವರನ್ನು ಆಸಿಡ್ ಹೌಸ್‌ನ ಪೂರ್ವಜ ಎಂದೇ ನೆನೆದವು.

*

ಈ ಮುದ್ರಿಕೆಯ ಸುತ್ತ ಎರಡು ಗುಂಪುಗಳಿವೆ. ಒಂದು ಗುಂಪು, ಇದು ಯಾರಿಗಿಂತ ಎಷ್ಟು ವರ್ಷ ಮುಂಚೆ ಬಂತು ಎಂಬುದರಲ್ಲೇ ಇದರ ಬೆಲೆಯನ್ನು ಕಾಣುತ್ತದೆ. ಇನ್ನೊಂದು ಗುಂಪು, ರಾಗವನ್ನು ಯಂತ್ರಕ್ಕೆ ಕಟ್ಟಿ ಕೊಂದರು ಎನ್ನುತ್ತದೆ. ಇಬ್ಬರೂ ಮುದ್ರಿಕೆಯನ್ನು ಪೂರ್ತಿ ಕೇಳಿಲ್ಲವೆಂದು ನಮ್ಮ ಗುಮಾನಿ. ಎರಡನೆಯವರ ತಕರಾರಿನಲ್ಲಿ ಹುರುಳಿರುವುದರಿಂದ ಅದನ್ನೇ ಮೊದಲು ನೋಡೋಣ.

ನಮ್ಮ ಸಂಗೀತದಲ್ಲಿ ಸ್ವರ ತೂಗುವುದಕ್ಕೆ ಆಂದೋಲನ ಎನ್ನುತ್ತಾರೆ. ಕನ್ನಡದ ದಿನಪತ್ರಿಕೆ ಓದುವವರಿಗೆ ಈ ಶಬ್ದ ಧರಣಿ, ಮೆರವಣಿಗೆಗಳಿಂದ ಪರಿಚಿತ. ಮೂಲದಲ್ಲಿ ಅದು ತೊಟ್ಟಿಲ ತೂಗಾಟ. ದರ್ಬಾರಿ ಕಾನಡಾದ ಕೋಮಲ ಗಾಂಧಾರವನ್ನು ನೆನೆಯಿರಿ. ಕಾನಡಾ ಎಂಬ ಹೆಸರಿನಲ್ಲಿ ಕರ್ನಾಟಕವಿದೆ ಎಂದು ಹೇಳುವುದುಂಟು. ಆ ರಾಗವನ್ನು ಅಕ್ಬರನ ದರ್ಬಾರಿನಲ್ಲಿ ತಾನ್‌ಸೇನರು ಕಟ್ಟಿದರೆಂದು ಪರಂಪರೆ ನಂಬುತ್ತದೆ. ಅದರ ಗಾಂಧಾರ ಒಂದು ಕಡೆ ನಿಂತ ಸ್ವರವಲ್ಲ. ಅದು ಕೆಳಗಿನ ರಿಷಭದ ಕಡೆಗೆ ವಾಲುತ್ತ, ಏಳುತ್ತ, ಮತ್ತೆ ವಾಲುತ್ತ ನಿಧಾನವಾಗಿ ತೂಗುತ್ತದೆ. ಒಂದು ತೂಗಾಟದಂತೆ ಇನ್ನೊಂದಿರುವುದಿಲ್ಲ. ಮೊದಲನೆಯದು ಚಿಕ್ಕದು, ಎರಡನೆಯದು ಆಳ, ಮೂರನೆಯದರಲ್ಲಿ ಎಲ್ಲಿಯೋ ತುಸು ನಿಲುಗಡೆ. ಕೇಳುವವರ ಎದೆ ಹಿಂಡುವುದು ಆ ನಿಲುಗಡೆಯೇ.

ಎಲ್‌ಎಫ್‌ಒ ಇದನ್ನು ಮಾಡಲಾರದು. ಅದು ಸೆಕೆಂಡಿಗೆ ಐದು ಸಲ ಎಂದರೆ ಐದೇ ಸಲ. ಇಷ್ಟು ಆಳ ಎಂದರೆ ಇಷ್ಟೇ ಆಳ. ಹುಟ್ಟಿದ ಮಗುವನ್ನೂ ಸತ್ತವರನ್ನೂ ಅದು ಒಂದೇ ತಾಳದಲ್ಲಿ ತೂಗುತ್ತದೆ. ಇನ್ನೂ ಒಂದು ಕೊರತೆಯಿದೆ. ಆ ಕಾಲದ ಎಷ್ಟೋ ವಾದ್ಯಗಳಲ್ಲಿ, ಉದಾಹರಣೆಗೆ 1984ರ ಜೂನೋ-106ರಲ್ಲಿ, ಆರು ದನಿಗಳಿಗೆ ಸೇರಿ ಒಂದೇ ಎಲ್‌ಎಫ್‌ಒ ಇರುತ್ತಿತ್ತು. ಆರು ಸ್ವರ ಒಟ್ಟಿಗೆ ಒತ್ತಿದರೆ ಆರೂ ಒಂದೇ ಕ್ಷಣದಲ್ಲಿ ಏರಿ ಒಂದೇ ಕ್ಷಣದಲ್ಲಿ ಇಳಿಯುತ್ತವೆ, ಪರೇಡಿನ ಪೊಲೀಸರಂತೆ. ಉರುಸಿನಲ್ಲಿ ಆರು ಜನ ಕವ್ವಾಲರು ಸೇರಿ ಒಂದು ಸಾಲನ್ನು ಎತ್ತುವುದನ್ನು ಕೇಳಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಆರು ಗಂಟಲುಗಳ ನಡುಕ ಆರು ಬಗೆ. ಸಾಲು ಮಾತ್ರ ಒಂದು.

ಚರಣ್‌ಜಿತ್ ಸಿಂಗ್ ಅವರಿಗೆ ಇದೆಲ್ಲ ಗೊತ್ತಿತ್ತೆಂದು ನಮಗೆ ತೋರುವುದು ಅವರು ರಾಗಗಳನ್ನು ಆಯ್ದುಕೊಂಡ ರೀತಿಯಿಂದ. ಹತ್ತರಲ್ಲಿ ದರ್ಬಾರಿ ಇಲ್ಲ. ರಿಷಭ ಧೈವತಗಳನ್ನು ತೂಗಿಯೇ ಹಾಡಬೇಕಾದ ಭೈರವ್ ಇಲ್ಲ. ಅದರ ಬದಲು ಬೈರಾಗಿ ಇದೆ. ಭೂಪಾಲಿ, ಕಲಾವತಿ, ಮಾಲ್‌ಕೌಂಸ್, ಬೈರಾಗಿ ಈ ನಾಲ್ಕೂ ಐದೈದು ಸ್ವರದ ರಾಗಗಳು. ನಮ್ಮ ಕರ್ನಾಟಕ ಸಂಗೀತದವರು ಭೂಪಾಲಿಯಲ್ಲಿ ಮೋಹನವನ್ನೂ ಮಾಲ್‌ಕೌಂಸ್‌ನಲ್ಲಿ ಹಿಂದೋಳವನ್ನೂ ಬೈರಾಗಿಯಲ್ಲಿ ರೇವತಿಯನ್ನೂ ಗುರುತಿಸುತ್ತಾರೆ. ಇವುಗಳ ಅಂದ ಸ್ವರಗಳ ನಡುವಿನ ದೊಡ್ಡ ಅಂತರದಲ್ಲಿದೆ, ನೆಗೆತದಲ್ಲಿದೆ. ಕೀಬೋರ್ಡಿನ ಮೆಟ್ಟಿಲು ಹತ್ತಿ ಇಳಿದರೂ ಅವುಗಳ ಮುಖ ಗುರುತು ಸಿಗದಷ್ಟು ಕೆಡುವುದಿಲ್ಲ. ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತಿಳಿದು ಮಾಡಿದ ಆಯ್ಕೆಯಿದು. ದರ್ಜಿ ಬಟ್ಟೆಯ ಅಳತೆ ನೋಡಿ ಅಂಗಿ ಕತ್ತರಿಸಿದ ಹಾಗೆ.

ಅವರು ಎಡವಿದ್ದು ಬಟ್ಟೆ ಸಾಲದ ಕಡೆ. ತೋಡಿಯ ಕೋಮಲ ಗಾಂಧಾರ ಕೀಬೋರ್ಡಿನ ಮನೆಗಿಂತ ಕೆಳಗೆ ವಾಸಿಸುವ ಸ್ವರ. ಹಾಡುಗಾರರು ಅದನ್ನು ಇಳಿಸಿ, ಒತ್ತಿ, ನೋಯಿಸಿ ತೆಗೆಯುತ್ತಾರೆ. ಇಲ್ಲಿ ಅದು ಅಳತೆಪಟ್ಟಿ ಹಿಡಿದ ಗಾಂಧಾರ. ಮೇಘದ ರಿಷಭವನ್ನು ಮಧ್ಯಮದ ಕಡೆಯಿಂದ ತೂಗಿಸುತ್ತ ತರುವುದು ರೂಢಿ. ಮಳೆಮೋಡದ ಭಾರವಿರುವುದು ಆ ತೂಗಿನಲ್ಲಿ. ಇಲ್ಲಿ ಡಿಸ್ಕೋದ ಓಟ ಆ ಭಾರಕ್ಕೆ ಪುರಸೊತ್ತು ಕೊಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ದೂರು ಹೊತ್ತಿನದು. ಲಲಿತ್ ನಸುಕಿನ ರಾಗ, ಮಾಲ್‌ಕೌಂಸ್ ನಡುರಾತ್ರಿಯದು, ಯಮನ್ ದೀಪ ಹಚ್ಚುವ ಹೊತ್ತಿನದು. ಇಲ್ಲಿ ಹತ್ತಕ್ಕೂ ಹೆಚ್ಚುಕಡಿಮೆ ಒಂದೇ ಓಟ, ಒಂದೇ ತಾಳ. ಒಂದೇ ಕುಳಿತದಲ್ಲಿ ಕೇಳಿದರೆ ಹತ್ತು ಊರುಗಳನ್ನು ಒಂದೇ ಬಸ್ಸಿನ ಕಿಟಕಿಯಿಂದ ನೋಡಿದಂತಾಗುತ್ತದೆ. ರಾಗವನ್ನು ಮೆಲ್ಲಗೆ ಬಿಡಿಸಿ ತೋರಿಸುವ ಆಲಾಪಕ್ಕೆ ಈ ಬಸ್ಸಿನಲ್ಲಿ ಸಿಕ್ಕ ಜಾಗವೂ ತೀರಾ ಕಡಿಮೆ.

*

ಇಷ್ಟು ದೂರಿದ ಮೇಲೂ ಈ ಮುದ್ರಿಕೆಯನ್ನು ನಾವೇಕೆ ಮತ್ತೆ ಮತ್ತೆ ಕೇಳುತ್ತೇವೆ? ಉತ್ತರ ಚಾಚಾ ಅವರ ಎಡಗೈಯಲ್ಲಿದೆ.

ಕೆಳಗೆ ಬಾಸ್ ಒಂದು ಸ್ವರಗುಚ್ಛವನ್ನು ದಣಿವಿಲ್ಲದೆ ತಿರುಗಿಸುತ್ತಿರುತ್ತದೆ; 808ರ ತಾಳ ಮಿಸುಕದು. ಮೇಲೆ ಜುಪಿಟರ್-8ರಲ್ಲಿ ರಾಗ ನಡೆಯುತ್ತದೆ. ಅಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಎಳೆಗಳಿವೆ, ಮೀಂಡಿನ ನೆನಪು ತರುವ ಬಾಗುಗಳಿವೆ, ತಾನಿನ ಹಾಗೆ ಸರಸರನೆ ಇಳಿಯುವ ಮಾಲೆಗಳಿವೆ. ಜುಪಿಟರ್-8ರಲ್ಲಿ ಎಲ್‌ಎಫ್‌ಒ ಇದೆ, ಅದಕ್ಕೆ ತಡದ ಏರ್ಪಾಟೂ ಇದೆ. ಎಡಗೈಗೆ ಸ್ವರ ಬಾಗಿಸುವ ಸನ್ನೆ ಇದೆ. ನಮ್ಮ ಕಿವಿಗೆ ಸಿಗುವ ಮಟ್ಟಿಗೆ ಹೇಳುವುದಾದರೆ, ಈ ಮುದ್ರಿಕೆಯಲ್ಲಿ ರಾಗ ಮೈದಳೆಯುವುದು ಯಂತ್ರ ತಾನಾಗಿ ನಡುಗಿದಲ್ಲಿ ಅಲ್ಲ, ಕೈ ಅದನ್ನು ಬಾಗಿಸಿದಲ್ಲಿ, ಜಾರಿಸಿದಲ್ಲಿ. ಭೈರವಿಯಲ್ಲಿ, ಲಲಿತದ ಎರಡು ಮಧ್ಯಮಗಳ ನಡುವೆ, ಈ ಕೈ ಎಷ್ಟು ಹೊತ್ತು ತಡೆದು ಎಷ್ಟು ಜಾರಿತು ಎಂಬುದನ್ನು ಹಿಂಬಾಲಿಸಿ ಕೇಳಿ. ಅಲ್ಲಿ ಜೇರ್-ಜಬರ್ ಹಾಕುತ್ತಿರುವ ಮನುಷ್ಯ ಸಿಗುತ್ತಾನೆ. ಮೂವತ್ತು ಹಾಡುಗಾರರ ಬೆನ್ನಿಗೆ ಕೂತು, ಯಾರ ಗಂಟಲು ಎಲ್ಲಿ ಬಾಗುತ್ತದೆ ಎಂದು ಕಾದು ನುಡಿಸಿ ರೂಢಿಯಾದ ಸ್ಟುಡಿಯೋ ಕೈ ಅದು.

ಇಲ್ಲಿ ಆಸಿಡ್ ಹೌಸ್‌ನವರ ಮಾತಿಗೂ ಉತ್ತರವಿದೆ. ಟಿಬಿ-303ರಲ್ಲಿ ಎಲ್‌ಎಫ್‌ಒ ಎಂಬುದೇ ಇಲ್ಲ! ಒಂಟಿಯಾಗಿ ಗಿಟಾರ್ ನುಡಿಸುವವರಿಗೆ ಬಾಸ್‌ನ ಜೊತೆ ಸಿಗಲೆಂದು 1981ರಲ್ಲಿ ಮಾಡಿದ ಸಣ್ಣ ಪೆಟ್ಟಿಗೆ ಅದು. ನಿಜವಾದ ಬಾಸ್‌ನಂತೆ ಕೇಳುವುದಿಲ್ಲವೆಂದು ಕೊಳ್ಳುವವರಿಲ್ಲದೆ 1984ರ ಹೊತ್ತಿಗೆ ತಯಾರಿಕೆ ನಿಂತಿತು. ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಅದನ್ನು ಶಿಕಾಗೋದ ಕರಿಯ ಹುಡುಗರು ತಂದು, ಯಂತ್ರ ಒಂದೇ ಸಾಲನ್ನು ತಿರುಗಿಸುತ್ತಿರುವಾಗ ಅದರ ಫಿಲ್ಟರ್‌ನ ಗುಬಟುಗಳನ್ನು ಕೈಯಾರೆ ತಿರುಗಿಸುತ್ತ ಹೋದರು. ಆ ಪ್ರಸಿದ್ಧ ಬಳುಕು ಹುಟ್ಟಿದ್ದು ಹಾಗೆ. ಅಂದರೆ ಅಲ್ಲಿಯೂ ಎಲ್‌ಎಫ್‌ಒ ಮಾಡಬೇಕಾದ ಕೆಲಸವನ್ನು ಮನುಷ್ಯನ ಕೈಯೇ ಮಾಡಿತು. ಚರಣ್‌ಜಿತ್ ಸಿಂಗ್ ಅವರ ಆಸೆ ರಾಗವನ್ನು ಹೊಸ ಕಾಲದ ಕುಣಿತಕ್ಕೆ ದಾಟಿಸುವುದು. ಶಿಕಾಗೋದವರ ಆಸೆ ರಾತ್ರಿಯಿಡೀ ಕುಣಿಯುವವರನ್ನು ನಿಲ್ಲಗೊಡದಿರುವುದು. ಇವರನ್ನು ಕೇಳಿ ಅವರು ಕಲಿತರೆಂಬುದಕ್ಕೆ ಆಧಾರವಿಲ್ಲ. ಪೂರ್ವಜ, ವಂಶಜ ಎಂಬ ಮಾತೇ ಇಲ್ಲಿ ಸಲ್ಲದು. ಒಂದೇ ಅಂಗಡಿಯ ಸೂಜಿಯಿಂದ ಇಬ್ಬರು ಬೇರೆ ಬೇರೆ ಕೌದಿ ಹೊಲಿದರು, ಅಷ್ಟೇ. ನಮ್ಮವನೊಬ್ಬನಿಗೆ ಬೆಲೆ ಬರಬೇಕಾದರೆ ಅವನು ಇನ್ನಾರದೋ ಅಜ್ಜನಾಗಿರಬೇಕು ಎಂದು ಒಪ್ಪಿಕೊಳ್ಳುವುದು ನಮಗೆ ಹೆಮ್ಮೆಯಲ್ಲ, ಅದು ಸಣ್ಣತನ. ತೋಡಿಯಲ್ಲಿ ಅವರು ಸೋತರು, ಭೂಪಾಲಿಯಲ್ಲಿ ಗೆದ್ದರು ಎಂದು ಅವರ ಕೆಲಸದ ಮೇಲೇ ಮಾತಾಡುವುದು ಅವರಿಗೆ ನಾವು ತೋರಿಸಬಹುದಾದ ಗೌರವ.

*

ಯಂತ್ರ ರಾಗವನ್ನು ಕೆಡಿಸುತ್ತದೆ ಎಂಬ ಮಾತನ್ನು ಈ ದೇಶ ಹಿಂದೆಯೂ ಕೇಳಿದೆ. ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದ ಯೂರೋಪಿನಿಂದ ಬಂದದ್ದು. ಅದರಲ್ಲಿ ಸ್ವರ ಬಾಗದು, ತೂಗದು, ಜಾರದು. ಆಕಾಶವಾಣಿಯ ದೆಹಲಿ ಕೇಂದ್ರದಲ್ಲಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರು 1930ರ ದಶಕದ ಕೊನೆಯಲ್ಲಿ ಇದರ ವಿರುದ್ಧ ಬರೆದರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಅದು ಒಳಗೆ ಬರಲು 1971ರವರೆಗೆ ಕಾಯಬೇಕಾಯಿತು. ಪರದೇಶದ್ದು, ಇಲ್ಲಿಯ ಗಮಕ ಇದಕ್ಕೆ ಬಾರದು ಎಂಬುದು ಆಪಾದನೆ. ಆಪಾದನೆಯ ಎರಡನೆಯ ಭಾಗ ನಿಜವೇ ಆಗಿತ್ತು. ಆದರೆ ಈ ಮೂವತ್ತು ವರ್ಷ ಪೇಟಿ ಏನು ಮಾಡುತ್ತಿತ್ತು? ದರ್ಗಾದ ಅಂಗಳದಲ್ಲಿ ಕವ್ವಾಲರ ಮುಂದಿತ್ತು, ಮಠದ ಭಜನೆಯಲ್ಲಿತ್ತು, ಕಂಪನಿ ನಾಟಕದ ರಂಗದ ಮುಂದೆ ಕಾಲುಪೇಟಿಯಾಗಿ ನಿಂತಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಷರೀಫರ ತತ್ವಪದ ಹಾಡುವವರ ತೊಡೆಯ ಪಕ್ಕದಲ್ಲಿತ್ತು. ಬಾಗದ ಪೆಟ್ಟಿಗೆಯನ್ನು ಬಾಗುವ ಗಂಟಲಿನ ಬಗಲಿಗಿಟ್ಟುಕೊಂಡು, ಅದರ ಕೊರತೆಯನ್ನು ಬೆರಳಿನ ಚುರುಕಿನಿಂದ, ಭಾತಿಯ ಉಸಿರಿನಿಂದ ತುಂಬಿಕೊಂಡು ಜನ ಅದನ್ನು ಇಲ್ಲಿಯದಾಗಿಸಿದರು. ಇಂದು ಅದನ್ನು ಯಾರಾದರೂ ಪರದೇಶಿ ಎಂದರೆ ಮಕ್ಕಳೂ ನಗುತ್ತಾರೆ. ಯಾವುದು ಇಲ್ಲಿಯದು, ಯಾವುದು ಹೊರಗಿನದು ಎಂಬುದು ಹುಟ್ಟಿದ ಊರಿನಿಂದ ತೀರ್ಮಾನವಾಗುವುದಿಲ್ಲ; ಯಾರ ಸುಖದುಃಖಕ್ಕೆ ಅದು ಒದಗಿತು ಎಂಬುದರಿಂದ ಆಗುತ್ತದೆ. ಈ ಮಾತನ್ನು ವಾದ್ಯಗಳ ವಿಷಯದಲ್ಲಿ ಒಪ್ಪುವ ಎಷ್ಟೋ ಜನ ಮನುಷ್ಯರ ವಿಷಯದಲ್ಲಿ ಒಪ್ಪಲು ತಡವರಿಸುತ್ತಾರೆ ಎಂಬುದನ್ನೂ ನಾವು ಬಲ್ಲೆವು.

ಯಂತ್ರವನ್ನು ನಮ್ಮ ಕಿವಿಗೆ ಒಗ್ಗಿಸಿಕೊಂಡ ಉದಾಹರಣೆ ನಮ್ಮ ನಡುವೆಯೂ ಇದೆ. ಬೆಂಗಳೂರಿನ ರಾಡೆಲ್ ಸಂಸ್ಥೆ ಮಾಡಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಇಂದು ಎಷ್ಟೋ ಗಾಯಕರ ಮನೆಯಲ್ಲಿವೆ. ಮೊದಮೊದಲು ಅದನ್ನೂ ಜೀವವಿಲ್ಲದ ಡಬ್ಬಿ ಎಂದವರಿದ್ದರು. ತಂಬೂರಿ ಹಿಡಿದು ಹಿಂದೆ ಕೂರುವ ಶಿಷ್ಯರಿಲ್ಲದ ಬಡ ಗಾಯಕನಿಗೆ, ಮನೆಗೆಲಸ ಮುಗಿಸಿ ಅಡುಗೆಮನೆಯಲ್ಲಿ ಒಬ್ಬಳೇ ಕಲಿಯುವ ಹೆಣ್ಣುಮಗಳಿಗೆ ಆ ಡಬ್ಬಿಯೇ ಜೊತೆಗಾರ ಆಯಿತು. ಅದು ತಂಬೂರಿಯ ಸಮ ಎಂದು ನಾವು ಹೇಳುವುದಿಲ್ಲ. ತಂಬೂರಿಯ ತಂತಿ ಮೀಟುವ ಬೆರಳು ಪ್ರತಿ ಸಲ ತುಸು ಬೇರೆ ಕಡೆ ತಾಗುತ್ತದೆ. ಡಬ್ಬಿಗೆ ಆ ಗುಣವಿಲ್ಲ. ಆದರೆ ಡಬ್ಬಿ ಸಮನಾಗಿ ನಿಂತಿರುವುದರಿಂದಲೇ ಹಾಡುವವಳ ಗಂಟಲಿನ ತೂಗಾಟ ಸ್ಪಷ್ಟವಾಗಿ ಕೇಳುತ್ತದೆ ಎಂಬುದೂ ಸುಳ್ಳಲ್ಲ.

ಇಷ್ಟನ್ನೂ ಕೂಡಿಸಿ ನೋಡಿದಾಗ ನಮಗನ್ನಿಸುವುದು ಇದು. ಎಲ್‌ಎಫ್‌ಒ ಕೆಟ್ಟದ್ದಲ್ಲ. ಅದು ಒಂದು ಒಳ್ಳೆಯ ಪಾಠ. ನಡುಕವನ್ನು ವೇಗ, ಆಳ, ಆಕಾರ, ತಡ ಎಂದು ನಾಲ್ಕು ತುಂಡು ಮಾಡಿ ಮುಂದಿಟ್ಟದ್ದು ಅದು. ಹಾಗೆ ತುಂಡು ಮಾಡಿ ನೋಡಿದ ಮೇಲೆಯೇ ನಾಲ್ಕರಲ್ಲೂ ಸಿಗದ ಐದನೆಯದೊಂದು ಉಳಿಯಿತೆಂದು ನಮಗೆ ಗೊತ್ತಾದದ್ದು. ದರ್ಬಾರಿಯ ಮೂರನೆಯ ತೂಗಿನಲ್ಲಿ ಬರುವ ಆ ನಿಲುಗಡೆಗೆ ಯಾವ ಗುಬಟೂ ಇಲ್ಲ. ಗೊತ್ತುಗುರಿಯಿಲ್ಲದ ಆಕಾರವನ್ನು ಆರಿಸಿಕೊಂಡರೂ ಅದು ಬರುವುದಿಲ್ಲ. ಯಾಕೆಂದರೆ ಆ ನಿಲುಗಡೆ ಗೊತ್ತುಗುರಿಯಿಲ್ಲದ್ದಲ್ಲ. ಅದರ ಹಿಂದೆ ಒಂದು ಕಾರಣವಿದೆ, ಕಾರಣ ಹಾಡುವವನಿಗೆ ಮಾತ್ರ ಗೊತ್ತು. ಇಂದಿನ ಕೀಬೋರ್ಡುಗಳು, ಕಂಪ್ಯೂಟರಿನ ತಂತ್ರಾಂಶಗಳು ಒಂದೊಂದು ದನಿಗೂ ಬೇರೆ ಬೇರೆ ಎಲ್‌ಎಫ್‌ಒ ಕೊಡುತ್ತವೆ, ಒಂದು ಎಲ್‌ಎಫ್‌ಒದ ವೇಗವನ್ನು ಇನ್ನೊಂದು ಎಲ್‌ಎಫ್‌ಒ ತಿರುಗಿಸುವಂತೆಯೂ ಮಾಡುತ್ತವೆ. ಪರೇಡಿನ ಪೊಲೀಸರು ಈಗ ಸಂತೆಯ ಜನರಂತೆ ನಡೆಯಬಲ್ಲರು. ಅದು ಸಂತೋಷವೇ. ಆದರೆ ಸಂತೆಗೆ ಬಂದವರಿಗೆಲ್ಲ ಮನೆಯಲ್ಲಿ ಒಂದೊಂದು ಕೆಲಸವಿರುತ್ತದೆ. ಅದನ್ನು ಯಂತ್ರಕ್ಕೆ ಕಲಿಸುವುದು ಹೇಗೆ?

ಕತೆ ಬರೆಯುವ ನಮಗೂ ಇದೇ ಪಾಠ. ಭಾವ ಬರಲೆಂದು ಸಾಲಿಗೊಂದು ನಿಟ್ಟುಸಿರು, ಪುಟಕ್ಕೊಂದು ಕಣ್ಣೀರು ಎಂದು ಲೆಕ್ಕ ಹಾಕಿ ನಡುಗಿಸುವ ಚಾಳಿ ನಮ್ಮಲ್ಲಿಯೂ ಇದೆ. ಅದು ಸೆಕೆಂಡಿಗೆ ಐದು ಸಲದ ನಡುಕ. ಓದುಗರಿಗೆ ಬೇಗ ಗೊತ್ತಾಗಿಬಿಡುತ್ತದೆ.

ಈ ಮುದ್ರಿಕೆಯನ್ನು ಕೇಳದವರು ಕೇಳಬೇಕೆಂದು ನಮ್ಮ ಶಿಫಾರಸು. ಹತ್ತನ್ನೂ ಒಟ್ಟಿಗೆ ಕೇಳಬೇಡಿ. ಹೊತ್ತು ನೋಡಿ ಒಂದೊಂದನ್ನೇ ಕೇಳಿ: ನಸುಕಿನಲ್ಲಿ ಲಲಿತ್, ಮಗ್ರಿಬ್ ಆದ ಮೇಲೆ ಯಮನ್, ಮನೆಯವರೆಲ್ಲ ಮಲಗಿದ ಮೇಲೆ ಮಾಲ್‌ಕೌಂಸ್. ಮುದ್ರಿಕೆ ಕೊಡದ ಹೊತ್ತನ್ನು ನೀವು ಕೊಡಿ. ತಾಳವನ್ನು ಅದರ ಪಾಡಿಗೆ ಬಿಟ್ಟು ಮೇಲಿನ ಎಳೆಯನ್ನು ಹಿಡಿಯಿರಿ.

ನಮ್ಮ ಚಾಚಾ ಈಗ ಇಲ್ಲ. ಅವರ ಕೀಬೋರ್ಡು ಕೆಲವು ವರ್ಷ ಅವರ ಮನೆಯ ಅಟ್ಟದ ಮೇಲಿತ್ತು. ಒಮ್ಮೆ ನೋಡಲು ಹೋದಾಗ ಅವರ ಮಗ ಇಳಿಸಿ ಕೊಟ್ಟರು. ಬಿಳಿ ಮನೆಗಳು ಹಳದಿಯಾಗಿದ್ದರೂ ಅಕ್ಷರಗಳೆಲ್ಲ ಇನ್ನೂ ನೆಟ್ಟಗಿದ್ದವು. ಎಡಗಡೆಯ ಚಕ್ರದ ಹಲ್ಲುಗೆರೆಗಳು ಮಾತ್ರ ಹೆಬ್ಬೆರಳು ತಾಗುವ ಜಾಗದಲ್ಲಿ ಪೂರ್ತಿ ಸವೆದು ನುಣ್ಣಗಾಗಿದ್ದವು.